ಚಿಕ್ಕ ತೂಬು

“ಸರ್, ಮನಸ್ಸಿನ ಕಾಯಿಲೆ ಮಿದುಳಿನಲ್ಲಿ ಎಲ್ಲಿದೆ ಅಂತ ನಮಗೆ ಖಚಿತವಾಗಿ ತಿಳಿಯೋದು ಯಾವಾಗ?”

ಕೇಳಿದವಳು ನಾಗವೇಣಿ. ಮಿದುಳಿನ ಸಂಶೋಧನೆ ಮಾಡುವ ಗುರುಗಳ ಬಳಿ ಅವಳು ಎರಡು ವರ್ಷದಿಂದ ಕಲಿಯುತ್ತಿದ್ದಳು. ಗುರುಗಳು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದರು.

“ಇವತ್ತೇ ತಿಳಿಯಬೇಕೇನಮ್ಮ?”

ಅವಳು ಮನೆಯ ವಿಷಯ ಹೇಳಿದಳು. ಅವಳ ತಮ್ಮ ನಾಲ್ಕು ತಿಂಗಳಿಂದ ಕೋಣೆ ಬಿಟ್ಟು ಹೊರಗೆ ಬಂದಿಲ್ಲ. ಕಾಲೇಜು ಬಿಟ್ಟ. ಈಗ ಊಟವನ್ನೂ ಬಿಡುತ್ತಿದ್ದಾನೆ. ಅಪ್ಪ ಸೋಮಾರಿತನ ಎನ್ನುತ್ತಾರೆ. ಸೋದರತ್ತೆ ಗಾಳಿ ಸೋಕಿದೆ ಎನ್ನುತ್ತಾರೆ.

“ಬೆಳಿಗ್ಗೆ ನಾನೂ ಬೈದೆ ಸರ್. ಮನೇಲಿ ಎಲ್ಲಾ ಇದೆ, ನಿನಗೇನೋ ಕಡಿಮೆಯಾಗಿರೋದು ಅಂದೆ. ಗೋಡೆ ಕಡೆ ತಿರುಗಿಕೊಂಡ. ಇದನ್ನೇ ಓದ್ತಿರೋಳು ನಾನು. ಕಾರಣ ಗೊತ್ತಾದರೆ ಅವನಿಗೆ ಏನಾದರೂ ಹೇಳಬಹುದಿತ್ತು.”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಊರಿನ ಗದ್ದೆಗಳಿಗೆಲ್ಲ ಕೆರೆಯ ದೊಡ್ಡ ತೂಬಿನಿಂದ ನೀರು. ಅವನ ಗದ್ದೆಗೆ ಮಾತ್ರ ಚಿಕ್ಕ ತೂಬಿನಿಂದ. ಆ ವರ್ಷ ಕೆರೆ ತುಂಬಿ ಕೋಡಿ ಬಿತ್ತು. ಆದರೂ ಅವನ ಕಾಲುವೆಗೆ ಹನಿ ನೀರು ಬರಲಿಲ್ಲ. ಪೈರು ಹಳದಿಗೆ ತಿರುಗಿತು.

“ಕೆರೆ ಕೋಡಿ ಬಿದ್ದಿದೆ, ಇವನ ಗದ್ದೆ ಒಣಗುತ್ತಿದೆ. ಮೈಗಳ್ಳ!” ಎಂದು ಜನ ನಕ್ಕರು.

ರೈತ ಕಾಲುವೆಯನ್ನು ಮೂರು ಸಲ ತೋಡಿದ. ಕೆರೆಯಮ್ಮನಿಗೆ ಕೋಳಿ ಕೊಟ್ಟ. ನೀರು ಬರಲಿಲ್ಲ. ಕೊನೆಗೆ ತಾನು ಮೈಗಳ್ಳನೇ ಇರಬೇಕೆಂದು ಅವನೂ ನಂಬಿದ. ಗುದ್ದಲಿ ಪಕ್ಕಕ್ಕಿಟ್ಟು ಬದುವಿನ ಮೇಲೆ ಕೂತುಬಿಟ್ಟ.

ತೂಬುಗಳನ್ನು ನೋಡಿಕೊಳ್ಳುವ ನೀರುಗಂಟಿ ಆ ದಾರಿಯಲ್ಲಿ ಬಂದ. ಒಣಗಿದ ಕಾಲುವೆ ನೋಡಿದ. ಅಂಗಿ ಬಿಚ್ಚಿ ಕೆರೆಗೆ ಇಳಿದು ಚಿಕ್ಕ ತೂಬಿನ ಬಾಯಿಯ ಬಳಿ ಮುಳುಗಿದ. ಎದ್ದು ಉಸಿರೆಳೆದುಕೊಂಡು ಮತ್ತೆ ಮುಳುಗಿದ. ಏರಿಯ ಮೇಲೆ ಜನ ಸೇರಿದರು.

“ಏನು ಸಿಕ್ಕಿತಯ್ಯಾ?”

“ನೀರು ಕದಡಿದೆ. ಕೈಗೆ ಬೇರು ಸಿಗುತ್ತಿದೆ, ಹೂಳೂ ಇದೆ. ಇನ್ನೇನಿದೆಯೋ ಗೊತ್ತಿಲ್ಲ, ತುಂಬ ದಿನ ಬೇಕು. ಆದರೆ ತೂಬು ಕಟ್ಟಿಕೊಂಡಿರುವುದು ನಿಜ. ಅವನು ವರ್ಷವೆಲ್ಲ ಅಗೆದಿದ್ದರೂ ನೀರು ಬರುತ್ತಿರಲಿಲ್ಲ.”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮನೆಗೆ ಹೋದರು. ಒಬ್ಬಳು ಹೆಂಗಸು ಮಾತ್ರ ಉಳಿದಳು. ಕೆರೆಯಿಂದ ಒಂದು ಕೊಡ ನೀರು ಹೊತ್ತು ತಂದು ಪೈರಿನ ಬುಡಕ್ಕೆ ಸುರಿದಳು. ಇನ್ನೊಂದು ತಂದಳು. ಮೂರನೆಯ ಕೊಡ ತರುವಾಗ ರೈತ ಎದ್ದು ಹೋಗಿ ಅವಳ ತಲೆಯಿಂದ ಕೊಡ ಇಳಿಸಿಕೊಂಡ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ನಾಗವೇಣಿ ಕೇಳಿದಳು.

“ತೂಬು ತೆರೆಯಿತೇ ಸರ್?”

“ನೀರುಗಂಟಿ ಒಂದಿಷ್ಟು ಬೇರು ತೆಗೆದಿದ್ದಾನೆ, ನೀರು ಸಣ್ಣಗೆ ಬರುತ್ತಿದೆ. ಇನ್ನೂ ಮುಳುಗುತ್ತಲೇ ಇದ್ದಾನೆ.”

“ಕೊಡ ಹೊತ್ತವಳು ಯಾರು?”

“ಬೆಳಿಗ್ಗೆ ಅವನನ್ನು ಬೈದಿದ್ದ ಅವನ ಅಕ್ಕ.”