ಬಾಗಿಲಿನ ಸಣ್ಣ ಬಳೆ

“ಗುರುಗಳೇ, ನಾನು ನೋಡಿದ ಇರಾನಿನ ಸಿನಿಮಾಗಳಲ್ಲೆಲ್ಲ ಒಂದು ಹಳ್ಳಿ, ಆ ಹಳ್ಳಿಯಲ್ಲೊಂದು ಮಗು. ತೆಗೆದವರೋ ತಲೆ ನರೆತವರು. ತಮ್ಮ ಬಾಲ್ಯ ತೋರಿಸಲು ಬೇರೆಯವರ ಮಗು ಯಾಕೆ? ತಾವೇ ಊರಿಗೆ ಹೋಗಿ ನಿಂತು ಹೇಳಬಾರದೇ?” ಎಂದು ಶಿಷ್ಯ ಕೇಳಿದ.

“ಪಾಠ ತಪ್ಪಿಸಿ ಎಲ್ಲಿಗೆ ಹೋಗಿದ್ದೆ ಅಂತ ಈಗ ತಿಳಿಯಿತು. ಇರಲಿ, ಕೇಳು,” ಎಂದರು ಗುರುಗಳು.

ಆ ದೇಶದ ಹಳೆಯ ಮನೆಗಳ ಕದದ ಮೇಲೆ, ಬಡಿಯಲೆಂದು, ಕಬ್ಬಿಣದ ಎರಡು ಹಿಡಿಗಳು ತೂಗುತ್ತಿರುತ್ತವೆ. ದಪ್ಪ ಸರಳು ಗಂಡಸರಿಗೆ. ಸಣ್ಣ ಬಳೆ ಹೆಂಗಸರಿಗೆ, ಮಕ್ಕಳಿಗೆ. ಬಂದವರು ಯಾರೆಂದು ಸದ್ದಿನಿಂದಲೇ ಒಳಗಿನವರಿಗೆ ಗೊತ್ತಾಗುತ್ತದೆ.

ಒಬ್ಬ ನಿರ್ದೇಶಕ ವಯಸ್ಸಾದ ಮೇಲೆ ಸಿನಿಮಾ ತೆಗೆಯಲು ತನ್ನ ಹಳ್ಳಿಗೆ ಹೋದ. ತಾಯಿ ತೀರಿಕೊಂಡು ಬಹಳ ಕಾಲವಾಗಿತ್ತು. ಶಾಲೆ ಬಿಟ್ಟು ಬಂದಾಗ ಆಕೆ ಬಾಗಿಲು ತೆರೆಯುತ್ತಿದ್ದ ರೀತಿಯನ್ನು ಇನ್ನೊಮ್ಮೆ ನೋಡಬೇಕು. ಅವನಿಗೆ ಬೇಕಿದ್ದದ್ದು ಅಷ್ಟೇ. ಅವನು ಹುಟ್ಟಿದ ಮನೆಯಲ್ಲಿ ಈಗ ಬೇರೊಬ್ಬ ಹೆಂಗಸಿದ್ದಳು. ಅವಳನ್ನೇ ತಾಯಿಯ ಪಾತ್ರಕ್ಕೆ ಒಪ್ಪಿಸಿದ. ಹೊರಗೆ ಒಂದು ಮಗುವನ್ನು ನಿಲ್ಲಿಸಿ, ಸದ್ದು ಚೆನ್ನಾಗಿ ಬರಲೆಂದು ದಪ್ಪ ಸರಳನ್ನು ಬಡಿಸಿದ. ಪಟ್ಟಣದಲ್ಲಿ ಕರೆಗಂಟೆ ಒತ್ತಿ ಒತ್ತಿ ಅವನಿಗೆ ಊರಿನ ರೂಢಿ ಮರೆತೇಹೋಗಿತ್ತು.

ಹೆಂಗಸು ತಲೆಯ ಮೇಲೆ ಹೊದ್ದ ಚಾದರವನ್ನು ಮುಖಕ್ಕೆ ಎಳೆದುಕೊಂಡು, ಕದ ತುಸುವೇ ಸರಿಸಿ ಇಣುಕಿದಳು. ಎಷ್ಟು ಸಲ ಚಿತ್ರೀಕರಿಸಿದರೂ ಹಾಗೆಯೇ.

“ಹೊರಗಿರುವುದು ನಿನ್ನ ಮಗು ಕಣಮ್ಮ, ಪರಗಂಡಸಲ್ಲ!” ಎಂದು ರೇಗಿದ.

“ಗೊತ್ತು ಕಣಪ್ಪ. ಆ ಸದ್ದು ಕೇಳಿದರೆ ಕೈ ತಾನಾಗೇ ಚಾದರಕ್ಕೆ ಹೋಗ್ತದೆ. ಏನು ಮಾಡಲಿ?”

ಆಗ ಅವನಿಗೆ ನೆನಪಾಯಿತು. ಮಗುವಿನ ಕೈಯಿಂದ ಸಣ್ಣ ಬಳೆಯನ್ನು ಬಡಿಸಿದ. ಸದ್ದಾದದ್ದೇ ತಡ, ಹೆಂಗಸು ಹಿಟ್ಟು ಮೆತ್ತಿದ ಕೈಯಲ್ಲೇ ಓಡಿಬಂದು ಎರಡೂ ಕದ ತೆರೆದಳು. “ಬಂದ್ಯಾ?” ಎಂದಳು. ಕ್ಯಾಮೆರಾದ ಹಿಂದೆ ನಿರ್ದೇಶಕ ಅತ್ತುಬಿಟ್ಟ.

ಮರುದಿನ ಬೆಳಿಗ್ಗೆ ಅವನೊಬ್ಬನೇ ಹೋಗಿ ಆ ಬಾಗಿಲ ಮುಂದೆ ನಿಂತ. ಬಳೆಯತ್ತ ಕೈ ಚಾಚಿದ, ಹಿಂತೆಗೆದ. ಬಡಿದರೆ ಅವಳು ಓಡಿ ಬಂದಾಳು. ಬಿಳಿ ಗಡ್ಡ ಕಂಡು ನಾಚಿ ಒಳಗೆ ಸರಿದಾಳು. ಅವನು ಹೋಗಿ ಮಗುವನ್ನು ಕರೆತಂದ.

“ನಿನ್ನೆ ಚೆನ್ನಾಗೇ ಬಂತಲ್ಲ, ಮತ್ತೆ ಯಾಕೆ?” ಎಂದಿತು ಮಗು.

“ಇನ್ನೊಂದು ಸಲ ಬಡಿ ಕಂದ,” ಎಂದ.

ಗುರುಗಳು ಕತೆ ಮುಗಿಸಿದರು. “ಹಾಗಾದರೆ ಮಗು ಬೇಕಾದದ್ದು ಆ ಬಾಗಿಲು ಬಡಿಯಲು,” ಎಂದು ಶಿಷ್ಯ ಹೇಳಿದ, ಉತ್ತರ ಸಿಕ್ಕ ಖುಷಿಯಲ್ಲಿ.

“ನಿನ್ನವ್ವ ಹಾಗೆ ಓಡಿಬಂದು ಬಾಗಿಲು ತೆರೆದ ಕೊನೆಯ ದಿನ ನಿನಗೆ ನೆನಪಿದೆಯೇ?” ಎಂದರು ಗುರುಗಳು.