ಕಿವಿಮುಚ್ಚಿನ ದಿಬ್ಬ

೧೯೯೮ರ ನವೆಂಬರ್ ೧೪. ಬೆಳಗಿನಿಂದ ಒಣಗಾಳಿ, ಆಕಾಶದಲ್ಲಿ ಮೋಡದ ಸುಳಿವಿರಲಿಲ್ಲ. ಅಳಿವೆಕೊಪ್ಪದಲ್ಲಿ ಹೊಳೆ ಕಡಲು ಸೇರುವೆಡೆ ಒಂದು ದಿಬ್ಬವಿದೆ. ಅದರ ಮೇಲೆ ಎದೆಯೆತ್ತರದ ಚೌಕ ಕಂಬ. ತುದಿಯಲ್ಲಿ ಗಡ್ಡದ ಮುಖವೊಂದರ ಸವೆದ ಗುರುತು. ಊರವರು ಇದನ್ನು ಯವನರ ದೇವರೆಂದೂ, ದಿಬ್ಬವನ್ನು ಕಿವಿಮುಚ್ಚಿನ ದಿಬ್ಬವೆಂದೂ ಕರೆಯುತ್ತಾರೆ. ಯವನರೆಂದರೆ ಗ್ರೀಕರು; ಅವರು ಹರ್ಮಿಸ್ ದೇವನನ್ನು ಇಂಥ ಕಂಬಗಳಲ್ಲಿ ನಿಲ್ಲಿಸುತ್ತಿದ್ದರು. ಸಭೆಯಲ್ಲಿ ಮಾತಾಡುವ ಶಕ್ತಿ ಕೊಡುವವನು ಅವನು. ಕಳ್ಳರಿಗೆ, ಮೋಸಗಾರರಿಗೆ ಒಲಿಯುವವನೂ ಅವನೇ. ದಿಬ್ಬದ ಹೆಸರಿನ ಹಿಂದಿನ ಕಥೆಯನ್ನು ಅಂದು ನನಗೆ ಹೇಳಿದವರು ಊರಿನ ಹಿರಿಯರಾದ ದುರ್ಗಯ್ಯ ಮೊಗೇರ.

ಹಿಂದೆ ಒಮ್ಮೆ, ಯವನರ ಹಡಗುಗಳು ಮೆಣಸಿಗಾಗಿ ಈ ಅಳಿವೆಗೆ ಬರುತ್ತಿದ್ದ ಕಾಲದಲ್ಲಿ, ದಿಬ್ಬದ ಸುತ್ತ ಪೇಟೆಯಿತ್ತು. ಅಲ್ಲಿ ಮೆಣಸು ಹೊರುವ ಬೀರ, ಸುಕ್ಕ ಎಂಬ ಅಣ್ಣತಮ್ಮಂದಿರಿದ್ದರು. ಒಂದು ದಿನ ಸುಕ್ಕ ಹೊತ್ತು ತಂದ ಮೂಟೆಯಲ್ಲಿ ಕಲ್ಲು ಸಿಕ್ಕಿತು. ಹಡಗಿನ ಯಜಮಾನ ಅವನನ್ನು ಹಡಗಿನಲ್ಲೇ ಕಟ್ಟಿಹಾಕಿಸಿ, ಈ ಮೋಸಕ್ಕೆ ದಂಡವಾಗಿ ಅವನು ತನ್ನ ಆಳಾಗಿ ಬರಬೇಕೆಂದ. ಮಧ್ಯಾಹ್ನ ಊರ ಹಿರಿಯರು ಸಭೆ ಸೇರಿ ತೀರ್ಮಾನಿಸುವುದೆಂದಾಯಿತು. ಕಲ್ಲು ಬೆರೆಸಿದ್ದು ಯಜಮಾನನ ಕಡೆಯವನೇ ಎಂಬುದನ್ನು ಬೀರ ಕಣ್ಣಾರೆ ಕಂಡಿದ್ದ. ಕಂಡವನು ಅವನೊಬ್ಬನೇ. ಆದರೆ ಅವನಿಗೆ ಉಗ್ಗು. ನಾಲ್ಕು ಜನರೆದುರು ತನ್ನ ಹೆಸರೂ ಹೊರಡುತ್ತಿರಲಿಲ್ಲ.

“ಬೀರ ಬಾಯಿ ಬಿಡೋದ್ರೊಳಗೆ ಸುಕ್ಕನಿಗೆ ಯವನರ ದೇಶದಲ್ಲಿ ಮೊಮ್ಮಕ್ಕಳಾಗಿರ್ತಾವೆ,” ಎಂದು ಪೇಟೆಯವರು ನಕ್ಕರಂತೆ.

ಯಜಮಾನ ನಗಲಿಲ್ಲ. ಬೀರನನ್ನು ಕಂಬದ ಬಳಿಗೆ ಕರೆದೊಯ್ದು ತನ್ನ ನಾಡಿನ ಪದ್ಧತಿ ಹೇಳಿಕೊಟ್ಟ. ದೇವರ ಕಿವಿಯಲ್ಲಿ ಬೇಡಿಕೆ ಉಸುರಬೇಕು. ತನ್ನ ಎರಡೂ ಕಿವಿ ಮುಚ್ಚಿಕೊಂಡು ಪೇಟೆ ದಾಟಬೇಕು. ದಾಟಿ ಕೈ ತೆಗೆದಾಗ ಮೊದಲು ಕೇಳಿದ ಮಾತೇ ದೇವರ ಉತ್ತರ. ನಡುವೆ ತೆಗೆದರೆ ಇರುವ ಮಾತೂ ಹೋಗುತ್ತದೆ. ಬೀರನಿಗೆ ಬೇರೆ ದಾರಿ ಕಾಣಲಿಲ್ಲ. ಎಂಥವನಾದರೂ ತನ್ನ ದೇವರೆದುರು ನಿಂತು ಸುಳ್ಳಾಡಲಾರ ಎಂದು ನಂಬಿದ. ಆ ದೇವರು ಎಂಥವನೆಂಬುದು ಅವನಿಗೆ ಗೊತ್ತಿರಲಿಲ್ಲ.

ಅವನು ಮಾತು ಬೇಡಿ, ಕಿವಿ ಮುಚ್ಚಿ ಹೊರಟ ಕೂಡಲೇ ಹಡಗು ಹಗ್ಗ ಬಿಚ್ಚಿತು. ಸುಕ್ಕ ಹಡಗಿನಿಂದ ಅಣ್ಣನನ್ನು ಕೂಗಿದ. ಪೇಟೆಯ ಜನ ಬೀರನತ್ತ ಕೈ ಬೀಸಿದರು. ಅಣಕಿಸುತ್ತಿದ್ದಾರೆಂದುಕೊಂಡು ಅವನು ತಲೆ ತಗ್ಗಿಸಿ ನಡೆದ. ಮೀನು ಮಾರುವ ಹೆಂಗಸೊಬ್ಬಳು ಅವನ ಮಣಿಕಟ್ಟು ಹಿಡಿದೆಳೆದಳು. ಅವನು ಇನ್ನೂ ಬಿಗಿಯಾಗಿ ಒತ್ತಿಕೊಂಡ. ಪೇಟೆಯ ಗಡಿ ದಾಟಿ ಕೈ ಇಳಿಸಿದಾಗ, ಹಿಂದೆಯೇ ಓಡಿಬಂದಿದ್ದ ಅವಳ ದನಿ ಕೇಳಿತು: “ಇನ್ನು ಮಾತಾಡೋ, ಪುಣ್ಯಾತ್ಮ! ಹಡಗು ಅಳಿವೆ ದಾಟಿತು.”

ಅವನು ಮಾತಾಡಿದ. ಸಭೆಯಲ್ಲಿ ಒಂದಕ್ಷರವೂ ತಡವರಿಸದೆ ಕಂಡದ್ದನ್ನೆಲ್ಲ ಹೇಳಿದ. ಹಿರಿಯರು ಕಣ್ಣೊರೆಸಿಕೊಂಡು, ಸುಕ್ಕನದು ತಪ್ಪಿಲ್ಲ, ಬಿಡತಕ್ಕದ್ದು ಎಂದರು. ಬಿಡಲು ಅಲ್ಲಿ ಯಾರೂ ಇರಲಿಲ್ಲ. ಬೆನ್ನಟ್ಟಿ ಹೋದ ದೋಣಿಗಳು ಬರಿದೇ ಮರಳಿದವು ಎನ್ನುತ್ತಾರೆ.

ಈಗ ಪೇಟೆಯಿಲ್ಲ. ಕಂಬದ ಕಿವಿಯ ಜಾಗ ಬೆರಳು ತಾಗಿ ತಾಗಿ ನುಣುಪಾಗಿದೆ. ಕೋರ್ಟಿಗೆ ಸಾಕ್ಷಿ ಹೇಳಲು ಹೊರಟವರು ಅದನ್ನು ಮುಟ್ಟಿ ಹೋಗುವುದನ್ನು ಇಂದೂ ನೋಡಬಹುದು. ತಮ್ಮ ಕಿವಿಯನ್ನು ಮಾತ್ರ ಯಾರೂ ಮುಚ್ಚಿಕೊಳ್ಳುವುದಿಲ್ಲ.

“ಬೀರನಿಗೆ ಮಾತು ಬಂತಲ್ಲ, ಅದಕ್ಕೆ ದೇವರಿಗೆ ಏನು ಕೊಟ್ಟ?” ಎಂದೆ.

“ದೇವರೇ ತಕ್ಕೊಂಡಿತು, ಮಾಸ್ಟ್ರೇ,” ಎಂದರು ದುರ್ಗಯ್ಯ. “ಸುಕ್ಕ ಕೊನೇಗೆ ಏನಂತ ಕೂಗಿದ ಅನ್ನೋದು ಬೀರನೊಬ್ಬನನ್ನ ಬಿಟ್ಟು ಊರಿಗೆಲ್ಲ ಕೇಳಿತ್ತು. ಬೀರ ಮನೆಮನೆಗೂ ಹೋಗಿ, ಆ ಚೆಂದದ ಮಾತಲ್ಲೇ ಬೇಡಿದ. ಅವನ ಮುಖ ನೋಡಿ ಅದನ್ನ ಹೇಳೋಕೆ ಒಬ್ಬರಿಗೂ ಬಾಯಿ ಬರಲಿಲ್ಲ.”