ಕೆರೆಕೂಟ ಬಿಟ್ಟ ಊರು

“ಗುರುಗಳೇ, ನಮ್ಮ ನಾಡು ಒಕ್ಕೂಟ ಬಿಟ್ಟು ಹೊರಗೆ ಬರುತ್ತಿದೆ. ಷರತ್ತುಗಳನ್ನು ಮಾತಾಡಲು ನನ್ನನ್ನೇ ಕಳಿಸುತ್ತಿದ್ದಾರೆ. ಹೆಚ್ಚು ಗಿಟ್ಟಿಸಿಕೊಂಡು ಬರುವುದು ಹೇಗೆ?”

ಕೇಳಿದ ಶಿಷ್ಯನಿಗೆ ಸಂಭ್ರಮದಲ್ಲಿ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗುರು ನಕ್ಕು ಒಂದು ಕತೆ ಹೇಳಿದರು.

ಏಳು ಊರುಗಳಿಗೆ ಒಂದೇ ಕೆರೆ ಇತ್ತು. ಏಳೂ ಊರಿನವರು ಒಂದು ಕೂಟ ಕಟ್ಟಿಕೊಂಡು ಹೂಳು ಎತ್ತುತ್ತಿದ್ದರು, ಏರಿ ಕಾಯುತ್ತಿದ್ದರು. ಅಲ್ಲಿ ಒಂದು ಕಟ್ಟಳೆ. ವರ್ಷಕ್ಕೊಮ್ಮೆ ಊರಿಗೊಬ್ಬರಂತೆ ಏಳು ಜನ ಏರಿಯ ಮೇಲೆ ಕೂತು, ತೂಬು ಎತ್ತಿ ಗದ್ದೆಗೆ ನೀರು ಬಿಡುವ ದಿನವನ್ನು ಗೊತ್ತುಮಾಡಬೇಕು. ಏಳೂ ಬಾಯಿಂದ ‘ಆಗಲಿ’ ಎಂದು ಬರುವ ತನಕ ಯಾರೂ ಏಳುವಂತಿಲ್ಲ. ಒಬ್ಬ ಬೇಡವೆಂದರೂ ಮತ್ತೆ ಮೊದಲಿನಿಂದ ಮಾತು. ಬಿಸಿಲು ನೆತ್ತಿಗೇರಿ ಇಳಿದರೂ ಜಗಳ ಮುಗಿಯುತ್ತಿರಲಿಲ್ಲ.

ಏಳನೆಯ ಊರಿನವರಿಗೆ ಇದು ಸಾಕುಸಾಕಾಯಿತು. ನಮ್ಮ ಮನೆಯ ಅನ್ನಕ್ಕೆ ಆರು ಊರಿನ ಅಪ್ಪಣೆ ಯಾಕೆ ಎಂದರು. ಕೂಟ ಬಿಡುವುದೆಂದು ಊರಿಗೆ ಊರೇ ನಿಶ್ಚಯಿಸಿತು. ಊರಿನ ಪರವಾಗಿ ಇಷ್ಟು ವರ್ಷ ಏರಿಯ ಮೇಲೆ ಕೂತು ಬಂದ ರೈತನೇ ಮಾತುಕತೆಗೂ ಹೊರಟ. ಅವನ ಗದ್ದೆಯೂ, ಊರಿನ ಎಲ್ಲರ ಗದ್ದೆಯೂ ಆ ಕೆರೆಯೊಂದನ್ನೇ ನಂಬಿದ್ದವು.

ತೂಬು ತೆಗೆದಾಗಲೆಲ್ಲ ನಮ್ಮೂರಿಗೆ ಮೊದಲಿನಂತೆ ಎರಡು ಹಗಲು ನೀರು ಬರಬೇಕು ಎಂದ ರೈತ. ಆರು ಜನ ಹಗ್ಗಜಗ್ಗಾಡಿ ಒಪ್ಪಿದರು. ಹೂಳೆತ್ತಲು ನಮ್ಮವರು ಬರುವುದಿಲ್ಲ ಎಂದ. ಗೊಣಗಿಕೊಂಡು ಒಪ್ಪಿದರು. ಮಳೆಗಾಲದಲ್ಲಿ ಏರಿ ಕಾಯಲೂ ಬರುವುದಿಲ್ಲ ಎಂದ. ಅದಕ್ಕೂ ಒಪ್ಪಿದರು. ಗೆದ್ದವನಿಗೆ ಇನ್ನೂ ಗೆಲ್ಲುವ ಆಸೆ. ಇಷ್ಟು ವರ್ಷ ತಿಂದ ಬಿಸಿಲೆಲ್ಲ ಒಮ್ಮೆಲೇ ನೆನಪಾಯಿತು.

“ಇನ್ಮೇಲೆ ಇಲ್ಲಿ ಕೂತು ನಿಮ್ ಜಗಳ ಕೇಳೋ ಕರ್ಮಾನೂ ನಮಗ್ ಬ್ಯಾಡ,” ಎಂದ. “ನೀರು ಬಿಡೋ ದಿನಾನ ನೀವ್ ನೀವೇ ಗೊತ್ತುಮಾಡ್ಕಳಿ.”

ಆರು ಜನ ಮುಖ ಮುಖ ನೋಡಿಕೊಂಡರು. ಅವರಲ್ಲಿ ಹಿರಿಯನಾದ ಒಬ್ಬ ಮುದುಕ ಕೇಳಿದ, “ಯೋಚ್ನೆ ಮಾಡಿ ಹೇಳ್ತಿದೀಯೇನಪ್ಪಾ?”

“ಯೋಚ್ನೆ ಮಾಡೇ ಹೇಳ್ತಿರೋದು ಕಣಜ್ಜ.”

‘ಆಗಲಿ’ ಎಂದರು ಆರೂ ಜನ. ಅಷ್ಟು ಬೇಗ ಅವರು ಯಾವುದಕ್ಕೂ ಒಪ್ಪಿದ್ದೇ ಇಲ್ಲ.

ರೈತನಿಗೆ ಸ್ವರ್ಗಕ್ಕೆ ಮೂರೇ ಗೇಣು. ಏರಿಯಿಂದ ಊರ ತನಕ ಓಡಿಯೇ ಬಂದ. ಸುದ್ದಿ ಕೇಳಿ ಜನ ಬೀದಿಗೆ ನುಗ್ಗಿದರು. ತಮಟೆ ಬಡಿದರು, ಬೆಲ್ಲ ಹಂಚಿದರು, ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಕೋಲೂರಿ ನಡೆಯುವ ಅಜ್ಜಿಯರೂ ಕೋಲು ಬಿಸಾಡಿ ಕುಣಿದರಂತೆ. ರೈತ ಹಿಗ್ಗಿ ಹೀರೇಕಾಯಾದ. ತನ್ನ ಜಾಣತನಕ್ಕೆ ತಾನೇ ಬೆರಗಾದ.

ಆ ವರ್ಷ ಆರು ಜನವೇ ಏರಿಯ ಮೇಲೆ ಕೂತರು. ಈ ಸಲ ನಾವೆಲ್ಲ ಒಂದು ತಿಂಗಳು ತಡವಾಗಿ ನಾಟಿ ಮಾಡೋಣ, ನೀರನ್ನೂ ಆಗಲೇ ಬಿಡೋಣ ಎಂದು ಮಾತಾಡಿಕೊಂಡು ಮಧ್ಯಾಹ್ನದೊಳಗೆ ಎದ್ದು ಹೋದರು. ಏಳನೆಯ ಊರಿಗೆ ಇದು ತಿಳಿಯುವ ಹೊತ್ತಿಗೆ, ಅಲ್ಲಿಯವರು ಬಾವಿಯ ನೀರು ಹೊತ್ತು ಬೆಳೆಸಿದ ಭತ್ತದ ಸಸಿ ನಾಟಿಗೆ ಬಂದು ನಿಂತಿತ್ತು.

ರೈತ ಬಿದ್ದು ಎದ್ದು ಓಡಿದ. ಆರು ಜನರನ್ನೂ ಏರಿಗೆ ಕರೆಸಿದ. ಸಸಿ ಬಲಿಯುತ್ತಿದೆ, ಇವತ್ತೇ ನೀರು ಬಿಡಿ ಎಂದು ಕೂಗಾಡಿದ, ಆಮೇಲೆ ಕೈಮುಗಿದ.

“ನಿನ್ನ ಎರಡ್ ಹಗಲು ಎಲ್ಲೂ ಹೋಗಾಕಿಲ್ಲ ಕಣಪ್ಪ,” ಎಂದ ಮುದುಕ. “ತೂಬು ತೆಗೆದ್ ದಿನ ಬಾ.”

ರೈತ ತಾನು ಮೊದಲು ಕೂರುತ್ತಿದ್ದಲ್ಲಿಯೇ ಕೂತು, ‘ನಾನು ಒಪ್ಪುವುದಿಲ್ಲ’ ಎಂದ. ಆರು ಜನಕ್ಕೂ ಅವನ ಮೇಲೆ ಕನಿಕರವೇ ಆಯಿತು. ಆದರೆ ಯಾರೂ ಮತ್ತೆ ಮೊದಲಿನಿಂದ ಮಾತು ತೆಗೆಯಲಿಲ್ಲ.

ತಿಂಗಳ ಮೇಲೆ ನೀರು ಬಂತು. ಎರಡು ಹಗಲು, ಒಂದು ಗಳಿಗೆಯೂ ಕಡಿಮೆಯಿಲ್ಲ. ಸಸಿ ಅಷ್ಟರಲ್ಲಿ ಬಲಿತು, ಹಳದಿಯಾಗಿ, ಕಿತ್ತು ನೆಡುವಂತೆಯೇ ಇರಲಿಲ್ಲ. ಮತ್ತೆ ಬಿತ್ತಲು ಯಾರ ಮನೆಯಲ್ಲೂ ಬೀಜದ ಭತ್ತ ಉಳಿದಿರಲಿಲ್ಲ. ಆ ವರ್ಷ ಆ ಊರಿನಲ್ಲಿ ಯಾರ ಮನೆಯಲ್ಲೂ ಹೊಸ ಅಕ್ಕಿ ಬೇಯಲಿಲ್ಲ.

ಶಿಷ್ಯ ಎದ್ದೇ ನಿಂತ. “ಅನ್ಯಾಯ ಗುರುಗಳೇ! ಆರು ಊರಿನವರು ಅವನಿಗೆ ಮೋಸ ಮಾಡಿದರು!”

“ಅವನು ಕೇಳಿದ್ದನ್ನೆಲ್ಲ ಅವರು ಕೊಟ್ಟರಪ್ಪ, ಮುಂದೆ ಕೇಳುವುದಕ್ಕೆ ಕೂರುವ ಜಾಗವನ್ನು ಬಿಟ್ಟುಕೊಟ್ಟು ಬಂದವನು ಅವನೇ,” ಎಂದರು ಗುರು.